ಮನೆಯ ಫ್ರಿಜ್: ಸಾಗಿಸೋದು, ಗುರುತಿಸೋದು, ನೋಡಿಕೊಳ್ಳೋದು – ಪದೇ ಪದೇ ಕೇಳುವ ಪ್ರಶ್ನೆಗಳು

ಹದಿನೆಂಟು ವರ್ಷ ಬಾಡಿಗೆ ಮನೆಗಳಲ್ಲೇ ಕಳೆದಿದ್ದೇವೆ. ಮೊದಲು ಮೈಸೂರು, ಆಮೇಲೆ ಹಾಸನ, ಈಗ ಬೆಂಗಳೂರು. ಬೆಂಗಳೂರಿನೊಳಗೇ ನಾಲ್ಕು ಮನೆ ಬದಲಿಸಿದ್ದಾಯಿತು. ಸಾಮಾನು ಗಾಡಿ ಬಂದು ನಿಂತಾಗ ನನಗೆ ಮೊದಲ ಚಿಂತೆ ಫ್ರಿಜ್‌ದೇ. ನೆಂಟರು, ಅಕ್ಕಪಕ್ಕದವರು ನನ್ನನ್ನು ಕೇಳುತ್ತಾ ಬಂದ ಪ್ರಶ್ನೆಗಳನ್ನು ಇಲ್ಲಿ ಒಂದು ಕಡೆ ಬರೆದಿಟ್ಟಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಫ್ರಿಜ್ ತಂಪನ್ನು ಹುಟ್ಟಿಸುವುದಿಲ್ಲ. ಒಳಗಿನ ಬಿಸಿಯನ್ನು ಎತ್ತಿ ಹೊರಗೆ ಹಾಕುತ್ತದೆ, ಬಾವಿಯಿಂದ ನೀರು ಸೇದಿ ಹೊರಗೆ ಚೆಲ್ಲಿದ ಹಾಗೆ. ಇದೊಂದು ಮನಸ್ಸಿನಲ್ಲಿದ್ದರೆ ಕೆಳಗಿನ ಅರ್ಧ ಉತ್ತರಗಳು ನಿಮಗೇ ಹೊಳೆಯುತ್ತವೆ.

ಮನೆ ಬದಲಿಸುತ್ತಿದ್ದೇವೆ. ಫ್ರಿಜ್‌ನ ತಯಾರಿ ಯಾವಾಗ ಶುರು ಮಾಡಬೇಕು?

ಒಂದು ದಿನ ಮುಂಚೆ. ಹಿಂದಿನ ದಿನ ಬೆಳಿಗ್ಗೆಯೇ ಖಾಲಿ ಮಾಡಿ, ಪ್ಲಗ್ ತೆಗೆದು, ಬಾಗಿಲು ತೆರೆದಿಡಿ. ಐಸ್ ಪೂರ್ತಿ ಕರಗಬೇಕು. ಕರಗದೆ ಉಳಿದದ್ದು ದಾರಿಯಲ್ಲಿ ನೀರಾಗಿ ಗಾಡಿಯಲ್ಲಿರುವ ಹಾಸಿಗೆಯನ್ನೆಲ್ಲಾ ನೆನೆಸುತ್ತದೆ. ಹೊಸ ಮನೆಯಲ್ಲಿ ಉಕ್ಕಿಸುವುದಕ್ಕೆ ಹಾಲು ಬೇಕು ಅಂತ ಕೆಲವರು ರಾತ್ರಿಯಿಡೀ ಫ್ರಿಜ್ ಆನ್ ಇಟ್ಟಿರುತ್ತಾರೆ. ಅದಕ್ಕಿಂತ ಬೆಳಿಗ್ಗೆ ಬೂತ್‌ನಿಂದ ಒಂದು ಪ್ಯಾಕೆಟ್ ತಾಜಾ ಹಾಲು ತರುವುದು ಎಷ್ಟೋ ಮೇಲು.

ಗಾಜಿನ ತಟ್ಟೆಗಳು, ತರಕಾರಿ ಡಬ್ಬ, ಮೊಟ್ಟೆ ಟ್ರೇ ಎಲ್ಲವನ್ನೂ ಹೊರಗೆ ತೆಗೆದು ಹಳೆಯ ಸೀರೆಯಲ್ಲಿ ಸುತ್ತಿಡಿ. ಹಿಂದುಗಡೆ ಕೆಳಗಿರುವ ನೀರಿನ ಟ್ರೇ ಮರೆಯಬೇಡಿ. ಬಾಗಿಲು ತೆರೆಯದ ಹಾಗೆ ಹಗ್ಗ ಕಟ್ಟಿ. ಆದರೆ ಹಗ್ಗ ಒತ್ತುವ ಕಡೆ ಬಟ್ಟೆ ಮಡಚಿ ಇಡಿ, ಇಲ್ಲದಿದ್ದರೆ ತಗಡು ನೆಗ್ಗುತ್ತದೆ.

ಇನ್ನೊಂದು ಕೆಲಸ: ಅಳತೆ. ಫ್ರಿಜ್‌ನ ಅಗಲ, ಆಳ, ಎತ್ತರ ಬರೆದುಕೊಂಡು ಹೊಸ ಮನೆಯ ಬಾಗಿಲನ್ನೂ ಮೆಟ್ಟಿಲಿನ ತಿರುವನ್ನೂ ಟೇಪ್ ಹಿಡಿದು ನೋಡಿ. ಮೂರನೇ ಮಹಡಿಗೆ ಹೊತ್ತ ಮೇಲೆ ಬಾಗಿಲಲ್ಲಿ ಸಿಕ್ಕಿಕೊಂಡರೆ ಹೊತ್ತವರ ಕಷ್ಟ ನೋಡಲಾಗುವುದಿಲ್ಲ.

ಮಲಗಿಸಿ ಸಾಗಿಸಿದರೆ ಏನಾಗುತ್ತದೆ?

ನಿಲ್ಲಿಸಿಯೇ ಸಾಗಿಸಿ. ಇದು ಬರೀ ಹೇಳಿಕೆ ಮಾತಲ್ಲ, ಕಾರಣ ಇದೆ.

ಫ್ರಿಜ್‌ನ ಹಿಂದೆ ಕೆಳಗೆ ಕಪ್ಪು ಬಣ್ಣದ ಒಂದು ಗುಂಡು ಡಬ್ಬ ಇರುತ್ತದೆ. ಅದೇ ಕಂಪ್ರೆಸರ್, ಬಿಸಿಯನ್ನು ಹೊತ್ತು ತರುವ ಗ್ಯಾಸನ್ನು ಒತ್ತಿ ಓಡಿಸುವ ಪಂಪ್. ಅದರ ಒಳಗೆ ಮೋಟರನ್ನು ಸ್ಪ್ರಿಂಗ್‌ಗಳ ಮೇಲೆ ಕೂರಿಸಿರುತ್ತಾರೆ, ತಳದಲ್ಲಿ ಎಣ್ಣೆ ಇರುತ್ತದೆ. ಮಲಗಿಸಿದರೆ ಆ ಎಣ್ಣೆ ಗ್ಯಾಸ್ ಓಡಾಡುವ ಪೈಪ್‌ಗಳಿಗೆ ಹರಿಯುತ್ತದೆ. ಹಾಗೆಯೇ ಆನ್ ಮಾಡಿದರೆ ಮೋಟರ್‌ಗೆ ಬೇಕಾದ ಎಣ್ಣೆ ಅಲ್ಲಿರುವುದಿಲ್ಲ. ಕೂದಲೆಳೆಯಷ್ಟು ಸಣ್ಣ ದಾರಿಯ ಕ್ಯಾಪಿಲರಿ ಪೈಪ್‌ನಲ್ಲಿ ಎಣ್ಣೆ ಸಿಕ್ಕಿಕೊಂಡರೆ ತಂಪೂ ಆಗುವುದಿಲ್ಲ. ಗುಂಡಿ ಬಿದ್ದ ರಸ್ತೆಯಲ್ಲಿ ಮಲಗಿಸಿಕೊಂಡು ಹೋದರೆ ಸ್ಪ್ರಿಂಗ್‌ಗೂ ಪೆಟ್ಟು.

ನಾವು ಹಾಸನದಿಂದ ಬೆಂಗಳೂರಿಗೆ ಬಂದಾಗ ಇದನ್ನು ದುಡ್ಡು ಕೊಟ್ಟು ಕಲಿತೆವು. ಗಾಡಿಯಲ್ಲಿ ಜಾಗ ಸಾಲದೆ ಸಾಗಿಸುವವರು ಫ್ರಿಜ್ ಮಲಗಿಸಿ ಅದರ ಮೇಲೆ ಗೋಣಿಚೀಲ ಹೇರಿದ್ದರು. ನಾಲ್ಕು ಗಂಟೆ ದಾರಿ. ಸಂಜೆ ಇಳಿಸಿದ ತಕ್ಷಣ, ಮಗುವಿನ ಹಾಲು ಕೆಡುತ್ತದೆ ಅಂತ ನಾನೇ ಪ್ಲಗ್ ಹಾಕಿದೆ. ಒಂದು ಸಲ ಗುರ್ ಅಂದಿತು, ಟಕ್ ಅಂದು ನಿಂತಿತು. ಮತ್ತೆ ಗುರ್, ಮತ್ತೆ ಟಕ್. ಮೂರನೇ ದಿನ ಕಂಪ್ರೆಸರ್ ಬದಲಿಸಬೇಕಾಯಿತು. ಅವತ್ತು ಒಂದು ರಾತ್ರಿ ಕಾದಿದ್ದರೆ ಅದು ಬದುಕುತ್ತಿತ್ತು ಅಂತಲೇ ನನ್ನ ನಂಬಿಕೆ.

ಬೇರೆ ದಾರಿಯೇ ಇಲ್ಲದಿದ್ದರೆ ಓರೆಯಾಗಿ ಒರಗಿಸಿ. ಪೂರ್ತಿ ಮಲಗಿಸಲೇಬೇಕಾದರೆ ಪಕ್ಕಕ್ಕೆ ಮಲಗಿಸಿ. ಬೆನ್ನ ಮೇಲೆ ಬೇಡ, ಬಾಗಿಲಿನ ಮೇಲಂತೂ ಬೇಡವೇ ಬೇಡ.

ಇಳಿಸಿದ ಮೇಲೆ ಎಷ್ಟು ಹೊತ್ತು ಕಾಯಬೇಕು?

ನಿಂತುಕೊಂಡೇ ಬಂದಿದ್ದರೆ ಮೂರು ನಾಲ್ಕು ಗಂಟೆ. ಮಲಗಿಕೊಂಡು ಬಂದಿದ್ದರೆ ಒಂದು ಪೂರ್ತಿ ದಿನ ನಿಲ್ಲಿಸಿಡಿ. ಆನ್ ಮಾಡಿದ ಮೇಲೂ ಕೆಲವು ಗಂಟೆ ಖಾಲಿಯಾಗಿ ಓಡಲಿ, ಒಳಗೆ ಚೆನ್ನಾಗಿ ತಂಪಾದ ಮೇಲೆ ಸಾಮಾನು ಜೋಡಿಸಿ.

ಹೊಸ ಮನೆಯಲ್ಲಿ ಎಲ್ಲಿ ಇಡಬೇಕು? ನಮ್ಮ ಫ್ರಿಜ್‌ನ ಎರಡೂ ಪಕ್ಕ ಮುಟ್ಟಿದರೆ ಬಿಸಿ ಇದೆ, ಕೆಟ್ಟಿದೆಯಾ?

ಕೆಟ್ಟಿಲ್ಲ. ಒಳಗಿನ ಬಿಸಿ ಎಲ್ಲಿಂದಾದರೂ ಹೊರಗೆ ಬರಬೇಕಲ್ವಾ? ಹಳೆಯ ಫ್ರಿಜ್‌ಗಳಲ್ಲಿ ಬೆನ್ನಿಗೆ ಕಪ್ಪು ಜಾಲರಿ ಕಾಣುತ್ತಿತ್ತು. ಈಗಿನ ಬಹಳಷ್ಟು ಫ್ರಿಜ್‌ಗಳಲ್ಲಿ ಆ ಪೈಪನ್ನು ಪಕ್ಕದ ತಗಡಿನ ಒಳಗೇ ಕೂರಿಸಿರುತ್ತಾರೆ. ಅದಕ್ಕೇ ಪಕ್ಕ ಬಿಸಿ. ಬೇಸಿಗೆಯಲ್ಲಿ, ಹೊಸದಾಗಿ ಆನ್ ಮಾಡಿದ ದಿನ ಇನ್ನೂ ಜಾಸ್ತಿ ಬಿಸಿ ಇರುತ್ತದೆ.

ಹಾಗಾಗಿ ಅದಕ್ಕೆ ಉಸಿರಾಡಲು ಜಾಗ ಬೇಕು. ಹಿಂದೆ ಒಂದು ಗೇಣು, ಪಕ್ಕದಲ್ಲಿ ನಾಲ್ಕು ಬೆರಳಿಗಿಂತ ಜಾಸ್ತಿ ಬಿಡಿ. ಮೇಲೂ ಜಾಗ ಇರಲಿ. ಒಲೆಯ ಪಕ್ಕ ಬೇಡ, ಕಿಟಕಿಯಿಂದ ನೇರ ಬಿಸಿಲು ಬೀಳುವ ಕಡೆ ಬೇಡ. ಮೇಲ್ಗಡೆ ದಪ್ಪ ಬಟ್ಟೆ ಹಾಸಿ, ಅದನ್ನು ಪಕ್ಕಕ್ಕೂ ಇಳಿಬಿಡುವ ಅಭ್ಯಾಸ ನಮ್ಮಲ್ಲಿದೆ. ನೋಡೋಕೆ ಚೆಂದ, ಫ್ರಿಜ್‌ಗೆ ಕಷ್ಟ.

ಮುಂದಿನ ಕಾಲುಗಳನ್ನು ತಿರುಗಿಸಿ, ಹಿಂದಕ್ಕೆ ಒಂಚೂರು ವಾಲುವ ಹಾಗೆ ಮಾಡಿ. ಬಾಗಿಲು ತಾನೇ ಮುಚ್ಚಿಕೊಳ್ಳುತ್ತದೆ. ಪ್ಲಗ್ ಮೂರು ಪಿನ್ನಿನದೇ ಇರಬೇಕು, ಅರ್ಥಿಂಗ್ ಸರಿ ಇರಬೇಕು. ಫ್ರಿಜ್ ಮುಟ್ಟಿದರೆ ಸಣ್ಣಗೆ ಜುಂ ಅನ್ನಿಸಿದರೆ ತಡ ಮಾಡಬೇಡಿ, ಎಲೆಕ್ಟ್ರಿಷಿಯನ್ ಕರೆಸಿ. ಒದ್ದೆ ಕೈ, ಬರಿಗಾಲು ಇರುವ ಜಾಗ ಅದು.

ನಮ್ಮದು ಡೈರೆಕ್ಟ್ ಕೂಲಾ, ಫ್ರಾಸ್ಟ್ ಫ್ರೀನಾ? ಹೇಗೆ ಗೊತ್ತಾಗುತ್ತದೆ?

ಫ್ರೀಜರ್ ಒಳಗೆ ನೋಡಿ. ಗೋಡೆಗೆ ಬಿಳಿ ಐಸ್ ಕಟ್ಟುತ್ತಿದ್ದರೆ, ನಾಬ್‌ನ ನಡುವೆ ಐಸ್ ಕರಗಿಸಲು ಒತ್ತುವ ಡಿಫ್ರಾಸ್ಟ್ ಬಟನ್ ಇದ್ದರೆ ಡೈರೆಕ್ಟ್ ಕೂಲ್. ಸಿಂಗಲ್ ಡೋರ್ ಫ್ರಿಜ್‌ಗಳು ಸಾಮಾನ್ಯವಾಗಿ ಇವೇ. ಗೋಡೆ ಒಣಗಿದ್ದು, ಗಾಳಿ ಬರುವ ಸೀಳುಗಳಿದ್ದು, ಒಳಗೆ ಫ್ಯಾನ್ ಸದ್ದು ಕೇಳಿದರೆ ಫ್ರಾಸ್ಟ್ ಫ್ರೀ. ಅದರಲ್ಲಿ ಹೀಟರ್ ಒಂದು ಆಗಾಗ ಐಸ್ ಕರಗಿಸುತ್ತದೆ. ಆ ಗಾಳಿಯ ಸೀಳುಗಳ ಮುಂದೆ ಪಾತ್ರೆ ಒತ್ತರಿಸಿ ಇಟ್ಟರೆ ಕೆಳಗಿನ ಭಾಗಕ್ಕೆ ತಂಪೇ ಇಳಿಯುವುದಿಲ್ಲ.

ರಿಪೇರಿಯವರು ಮಾಡೆಲ್ ನಂಬರ್ ಕೇಳುತ್ತಾರೆ. ಅದು ಎಲ್ಲಿರುತ್ತದೆ?

ಬಾಗಿಲ ಮೇಲೆ ಹೊಳೆಯುವ ಹೆಸರು ಮಾಡೆಲ್ ನಂಬರ್ ಅಲ್ಲ. ತರಕಾರಿ ಡಬ್ಬ ತೆಗೆದು ಒಳಗಿನ ಪಕ್ಕದ ಗೋಡೆ ನೋಡಿ. ಅಲ್ಲಿಲ್ಲದಿದ್ದರೆ ಹಿಂದೆ, ಕಂಪ್ರೆಸರ್ ಹತ್ತಿರ ಒಂದು ಚೀಟಿ ಅಂಟಿಸಿರುತ್ತಾರೆ. ಮೊಬೈಲ್‌ನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ಮನೆ ಬದಲಿಸುವ ದಿನ ಫ್ರಿಜ್ ಹೇಗೂ ಜರುಗಿರುತ್ತದೆ, ಆವತ್ತೇ ಸುಲಭ.

ಆ ಚೀಟಿಯಲ್ಲಿ ಓದಬೇಕಾದ್ದು ಬಹಳ ಇದೆ. ಮಾಡೆಲ್, ಸೀರಿಯಲ್ ನಂಬರ್, ಎಷ್ಟು ಲೀಟರ್, ಎಷ್ಟು ವೋಲ್ಟ್. ಜೊತೆಗೆ ಕ್ಲೈಮೇಟ್ ಕ್ಲಾಸ್ ಅಂತ ಒಂದೆರಡು ಅಕ್ಷರ. ‘ಟಿ’ ಅಂದರೆ ಹೊರಗೆ 43 ಡಿಗ್ರಿ ಸೆಲ್ಸಿಯಸ್‌ವರೆಗೆ ಕೆಲಸ ಮಾಡಲು ಕಟ್ಟಿದ್ದು. ‘ಎಸ್‌ಟಿ’ 38ರವರೆಗೆ, ‘ಎನ್’ 32ರವರೆಗೆ ಮಾತ್ರ. ರಾಯಚೂರು, ಕಲಬುರಗಿಯ ಬೇಸಿಗೆ ಗೊತ್ತಿರುವವರು ಈ ಅಕ್ಷರ ನೋಡದೆ ಹಳೆಯ ಫ್ರಿಜ್ ಕೊಳ್ಳಬಾರದು.

ಗ್ಯಾಸ್‌ನ ಹೆಸರು, ತೂಕ ಕೂಡ ಅಲ್ಲೇ ಇರುತ್ತದೆ. ಆರ್-12 ಅಂತ ಇದ್ದರೆ ತುಂಬಾ ಹಳೆಯದು. ಓಝೋನ್ ಪದರಕ್ಕೆ ಹಾನಿ ಮಾಡುವ ಗ್ಯಾಸ್ ಅದು. 1987ರ ಮಾಂಟ್ರಿಯಲ್ ಒಪ್ಪಂದದ ಪ್ರಕಾರ 2010ರ ಹೊತ್ತಿಗೆ ನಮ್ಮ ದೇಶದಲ್ಲೂ ಅದನ್ನು ಕೈಬಿಟ್ಟರು. ಆಮೇಲೆ ಬಂದ ಆರ್-134ಎ ಓಝೋನ್‌ಗೆ ತೊಂದರೆ ಕೊಡುವುದಿಲ್ಲ, ಆದರೆ ಭೂಮಿಯನ್ನು ಬಿಸಿ ಮಾಡುವುದರಲ್ಲಿ ಇಂಗಾಲದ ಡೈಆಕ್ಸೈಡ್‌ಗಿಂತ ಸಾವಿರ ಪಟ್ಟಿಗೂ ಜಾಸ್ತಿ. ಈಗಿನ ಮನೆ ಫ್ರಿಜ್‌ಗಳಲ್ಲಿ ಹೆಚ್ಚಾಗಿ ಆರ್-600ಎ ಇರುತ್ತದೆ. ಇದು ಐಸೊಬ್ಯುಟೇನ್, ಅಡುಗೆ ಸಿಲಿಂಡರ್ ಗ್ಯಾಸ್‌ನ ಹತ್ತಿರದ ನೆಂಟ. ಬೆಂಕಿ ಹತ್ತುತ್ತದೆ. ಇರುವುದು ಸಾಮಾನ್ಯವಾಗಿ ನೂರು ಗ್ರಾಂ ಒಳಗೆ, ಹಾಗಾಗಿ ಸುಮ್ನೆ ಹೆದರಬೇಕಿಲ್ಲ. ಆದರೆ ರಿಪೇರಿ ಮಾಡುವವರಿಗೆ ಇದು ಗೊತ್ತಿರಲೇಬೇಕು.

ಸೆಕೆಂಡ್ ಹ್ಯಾಂಡ್ ಫ್ರಿಜ್‌ಗೆ ಐದು ಸ್ಟಾರ್ ಇದೆ. ನಂಬಬಹುದಾ?

ಸ್ಟಾರ್ ಎಣಿಸುವ ಮೊದಲು ಆ ಲೇಬಲ್‌ನ ವರ್ಷ ನೋಡಿ. ಕೇಂದ್ರ ಸರ್ಕಾರದ ಇಂಧನ ದಕ್ಷತಾ ಸಂಸ್ಥೆ ಬಿಇಇ ಈ ಸ್ಟಾರ್ ಪದ್ಧತಿಯನ್ನು 2006ರಲ್ಲಿ ಶುರು ಮಾಡಿತು. ಆಮೇಲೆ ಅಳತೆಗೋಲನ್ನು ಆಗಾಗ ಬಿಗಿ ಮಾಡುತ್ತಾ ಬಂದಿದೆ. ಅಂದಿನ ಐದು ಸ್ಟಾರ್ ಇಂದಿನ ಮೂರೋ ಎರಡೋ ಆಗಿರಬಹುದು. ನಂಬಬೇಕಾದ್ದು ಕೆಳಗೆ ಬರೆದಿರುವ ವರ್ಷದ ಯೂನಿಟ್ ಸಂಖ್ಯೆಯನ್ನು. 180 ಯೂನಿಟ್ ಅಂತ ಇದ್ದರೆ ದಿನಕ್ಕೆ ಸುಮಾರು ಅರ್ಧ ಯೂನಿಟ್. 400 ಇದ್ದರೆ ಒಂದು ಯೂನಿಟ್‌ಗೂ ಜಾಸ್ತಿ. ಗೃಹಜ್ಯೋತಿಯಲ್ಲಿ ನಿಮ್ಮ ಮನೆಗೆ ಸಿಕ್ಕಿರುವ ಮಿತಿಯ ಅಂಚಿನಲ್ಲೇ ಇದ್ದರೆ ಈ ಲೆಕ್ಕ ಮುಖ್ಯ.

ಕೊಳ್ಳುವಾಗ ಅಂಗಡಿಯವರು ಮೊದಲೇ ಆನ್ ಮಾಡಿಟ್ಟಿದ್ದನ್ನು ಮುಟ್ಟಿ ನೋಡಿ ಸುಮ್ಮನಾಗಬೇಡಿ. ಆಫ್ ಮಾಡಿಸಿ, ಹತ್ತು ನಿಮಿಷ ಬಿಟ್ಟು ಮತ್ತೆ ಆನ್ ಮಾಡಿಸಿ. ತಡವರಿಸದೆ ಶುರುವಾಗಬೇಕು.

ಅಮೆರಿಕದಿಂದ ವಾಪಸ್ ಬರುತ್ತಿದ್ದೇವೆ. ಅಲ್ಲಿನ ದೊಡ್ಡ ಫ್ರಿಜ್ ತರಬಹುದಾ?

ತರಬೇಡಿ. ಅಲ್ಲಿ 120 ವೋಲ್ಟ್, 60 ಹರ್ಟ್ಝ್. ಇಲ್ಲಿ 230 ವೋಲ್ಟ್, 50 ಹರ್ಟ್ಝ್. ಟ್ರಾನ್ಸ್‌ಫಾರ್ಮರ್ ಇಟ್ಟರೆ ವೋಲ್ಟ್ ಸರಿಹೋಗುತ್ತದೆ, ಹರ್ಟ್ಝ್ (ಕರೆಂಟ್ ಸೆಕೆಂಡಿಗೆ ಎಷ್ಟು ಸಲ ಏರಿಳಿಯುತ್ತದೆ ಅನ್ನೋ ಲೆಕ್ಕ) ಸರಿಹೋಗುವುದಿಲ್ಲ. ಸಾಮಾನ್ಯ ಕಂಪ್ರೆಸರ್ ನಿಧಾನ ಓಡಿ ಬಿಸಿಯಾಗುತ್ತದೆ.

ನಾಬ್ ಎಷ್ಟರಲ್ಲಿ ಇಡಬೇಕು?

ನಾಬ್ ಮೇಲಿನ 1, 2, 3 ಡಿಗ್ರಿ ಅಲ್ಲ. ಹೆಚ್ಚಿನವುಗಳಲ್ಲಿ ಸಂಖ್ಯೆ ಜಾಸ್ತಿ ಆದಷ್ಟೂ ತಂಪು ಜಾಸ್ತಿ. ಒಳಗೆ 4 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಸ್ವಲ್ಪ ಕಮ್ಮಿ ಇರಬೇಕು. ಒಂದು ಲೋಟ ನೀರಿನಲ್ಲಿ ಥರ್ಮಾಮೀಟರ್ ಇಟ್ಟು ನಡುವಿನ ತಟ್ಟೆಯಲ್ಲಿ ರಾತ್ರಿಯಿಡೀ ಬಿಡಿ, ಬೆಳಿಗ್ಗೆ ನೋಡಿ. ಜ್ವರ ನೋಡುವ ಥರ್ಮಾಮೀಟರ್ ಇದಕ್ಕೆ ಆಗುವುದಿಲ್ಲ.

ಬಾಗಿಲಿನ ಕಪಾಟು ಫ್ರಿಜ್‌ನಲ್ಲೇ ಅತಿ ಬೆಚ್ಚಗಿನ ಜಾಗ. ತೆರೆದಾಗಲೆಲ್ಲಾ ಹೊರಗಿನ ಗಾಳಿ ಬಡಿಯುತ್ತದೆ. ಹಾಲನ್ನು ಅಲ್ಲಿಡಬೇಡಿ, ಒಳಗಿಡಿ. ಉಪ್ಪಿನಕಾಯಿ, ಸಾಸ್, ನೀರಿನ ಬಾಟಲಿಗೆ ಬಾಗಿಲು ಸಾಕು.

ಫ್ರೀಜರ್‌ನಲ್ಲಿ ಐಸ್ ಬಂಡೆಯಂತೆ ಕಟ್ಟಿದೆ. ಚಾಕುವಿನಿಂದ ಕೆತ್ತಬಹುದಾ?

ದಯವಿಟ್ಟು ಬೇಡ. ಆ ಐಸ್ ಹಿಂದಿರುವ ತೆಳು ಅಲ್ಯೂಮಿನಿಯಂ ಹಾಳೆಯೊಳಗೇ ಗ್ಯಾಸ್ ಓಡುತ್ತಿರುತ್ತದೆ. ಚಾಕುವಿನ ಮೊನೆ ತಗುಲಿದರೆ ಸ್ಸ್ ಅಂತ ಸದ್ದು ಬರುತ್ತದೆ, ಅಲ್ಲಿಗೆ ಮುಗಿಯಿತು. ಐಸ್ ಕಾಲು ಇಂಚು ಆಗುವಷ್ಟರಲ್ಲಿ ಡಿಫ್ರಾಸ್ಟ್ ಬಟನ್ ಒತ್ತಿ. ಬಂಡೆಯೇ ಆಗಿದ್ದರೆ ಆಫ್ ಮಾಡಿ, ಬಾಗಿಲು ತೆರೆದು, ಬಿಸಿನೀರಿನ ಪಾತ್ರೆಯೊಂದನ್ನು ಮಡಚಿದ ಬಟ್ಟೆಯ ಮೇಲೆ ಒಳಗಿಡಿ. ಅರ್ಧ ಗಂಟೆಯಲ್ಲಿ ಚಕ್ಕೆಗಳಾಗಿ ಕಳಚಿಕೊಳ್ಳಲು ಶುರುವಾಗುತ್ತದೆ.

ವಾರಕ್ಕೊಮ್ಮೆ ಬಂಡೆ ಕಟ್ಟುತ್ತಿದ್ದರೆ ಹೊರಗಿನ ತೇವದ ಗಾಳಿ ಒಳಗೆ ಬರುತ್ತಿದೆ ಅಂತ ಅರ್ಥ. ಬಾಗಿಲಿನ ರಬ್ಬರ್ ನೋಡಿ.

ರಬ್ಬರ್ ಹೋಗಿದೆ ಅಂತ ಹೇಗೆ ತಿಳಿಯೋದು?

ಹತ್ತು ರೂಪಾಯಿ ನೋಟನ್ನು ಅರ್ಧ ಒಳಗೆ, ಅರ್ಧ ಹೊರಗೆ ಇಟ್ಟು ಬಾಗಿಲು ಮುಚ್ಚಿ. ಮೆಲ್ಲಗೆ ಎಳೆಯಿರಿ. ಬಿಗಿಯಾಗಿ ಹಿಡಿದುಕೊಂಡರೆ ಸರಿ, ಜಾರಿ ಬಂದರೆ ಆ ಜಾಗ ಸಡಿಲ. ಸುತ್ತಲೂ ಹೀಗೆ ನೋಡಿ. ಎಷ್ಟೋ ಸಲ ರಬ್ಬರ್ ಹೋಗಿರುವುದಿಲ್ಲ, ಮಡಿಕೆಯಲ್ಲಿ ಹಿಟ್ಟು, ಜಿಡ್ಡು ಕೂತಿರುತ್ತದೆ. ಉಗುರುಬೆಚ್ಚಗಿನ ಸೋಪಿನ ನೀರಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್ ಅದ್ದಿ ಉಜ್ಜಿ, ಒರೆಸಿ. ಹರಿದಿದ್ದರೆ ಬದಲಿಸಿ. ಇಡೀ ಬಾಗಿಲು ಬದಲಿಸಬೇಕು ಅಂದವರ ಮಾತಿಗೆ ತಕ್ಷಣ ಒಪ್ಪಬೇಡಿ.

ಹಿಂದಿನ ನೀರಿನ ಟ್ರೇ ತೊಳೆಯಲೇಬೇಕಾ? ಅದು ತಾನೇ ಆವಿಯಾಗುತ್ತದಲ್ವಾ?

ತೊಳೆಯಲೇಬೇಕು. ಈ ಪುಟದಲ್ಲಿ ಒಂದೇ ಒಂದು ಉತ್ತರ ಓದುವುದಾದರೆ ಇದನ್ನು ಓದಿ.

ಐಸ್ ಕರಗಿದ ನೀರು ಪೈಪಿನ ಮೂಲಕ ಹಿಂದಿನ ಟ್ರೇಗೆ ಬೀಳುತ್ತದೆ. ಕಂಪ್ರೆಸರ್ ಬಿಸಿಗೆ ಆವಿಯಾಗಲಿ ಅಂತ ಅಲ್ಲಿಟ್ಟಿರುತ್ತಾರೆ. ಆದರೆ ಮಳೆಗಾಲದಲ್ಲಿ ಅಷ್ಟು ಬೇಗ ಆವಿಯಾಗುವುದಿಲ್ಲ. ನಿಂತ ನೀರು, ಕತ್ತಲು, ಬೆಚ್ಚಗಿನ ಜಾಗ. ಡೆಂಗ್ಯೂ ಹರಡುವ ಈಡಿಸ್ ಸೊಳ್ಳೆಗೆ ಇದಕ್ಕಿಂತ ಬೇರೆ ಬೇಕಿಲ್ಲ.

ನಮ್ಮ ಮನೆಗೆ ಒಮ್ಮೆ ಆಶಾ ಕಾರ್ಯಕರ್ತೆಯೊಬ್ಬರು ಬಂದಿದ್ದರು. ಹೂಕುಂಡ, ಡ್ರಮ್ ಎಲ್ಲಾ ನೋಡಿದರು, ಏನೂ ಸಿಗಲಿಲ್ಲ. ಆಮೇಲೆ ‘ಅಕ್ಕಾ, ಫ್ರಿಜ್ ಸ್ವಲ್ಪ ಮುಂದೆ ಎಳೀರಿ’ ಅಂದರು. ಟಾರ್ಚ್ ಬಿಟ್ಟರೆ ಟ್ರೇಯಲ್ಲಿ ಒಂದು ಬೆರಳು ನೀರು. ಮೇಲೆ ಧೂಳಿನ ಕೆನೆ. ಬೆಳಕು ಬಿದ್ದ ಕೂಡಲೇ ಅಕ್ಕಿಕಾಳಿಗಿಂತ ಸಣ್ಣ, ಕೂದಲಿನಂಥ ಮರಿಗಳು ಬಳುಕುತ್ತಾ ತಳಕ್ಕೆ ಇಳಿದವು. ನಾನು ದಿನಾ ನೆಲ ಒರೆಸುವ ಮನೆ ಅದು. ಮೂರು ವಾರದ ಹಿಂದೆ ಮಗಳಿಗೆ ಜ್ವರ ಬಂದು ಹೋಗಿತ್ತು. ಅದು ಯಾವ ಜ್ವರವೋ, ಆದರೆ ಆ ಕ್ಷಣ ನನ್ನ ಕೈಕಾಲು ತಣ್ಣಗಾಯಿತು.

ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ಸುಮಾರು ಒಂದು ವಾರ ಹತ್ತು ದಿನ ಸಾಕು. ಅದಕ್ಕೇ ವಾರಕ್ಕೊಮ್ಮೆ ಅನ್ನೋದು. ನಾವು ಭಾನುವಾರ ಅಂತ ಗೊತ್ತು ಮಾಡಿಕೊಂಡಿದ್ದೇವೆ. ನೀರು ಚೆಲ್ಲಿ, ಟ್ರೇಯನ್ನು ಸುಮ್ನೆ ತೊಳೆಯುವುದಲ್ಲ, ಒರಟು ಬ್ರಷ್‌ನಿಂದ ಉಜ್ಜಿ. ಮೊಟ್ಟೆ ಅಂಚಿಗೆ ಅಂಟಿಕೊಂಡಿರುತ್ತದೆ, ಒಣಗಿದರೂ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತದೆ. ಕೆಲವು ಫ್ರಿಜ್‌ಗಳಲ್ಲಿ ಟ್ರೇ ಹೊರಗೆ ಬರುವುದಿಲ್ಲ. ಪ್ಲಗ್ ತೆಗೆದು ಸ್ಪಂಜಿನಿಂದ ನೀರು ಹೀರಿ, ಅಲ್ಲೇ ಉಜ್ಜಿ.

ಟ್ರೇಗೆಂದು ಫ್ರಿಜ್ ಎಳೆದಾಗ ತಿಂಗಳಿಗೊಮ್ಮೆ ಹಿಂದಿನ ಜಾಲರಿಯ ಧೂಳನ್ನೂ ಒಣ ಬ್ರಷ್‌ನಿಂದ ತೆಗೆಯಿರಿ. ಆ ಧೂಳು ಕಂಬಳಿ ಹೊದಿಸಿದ ಹಾಗೆ. ಮಂಗಳೂರು, ಕಾರವಾರದ ಕಡೆಯವರು ಹಿಂದಿನ ತಗಡಿನಲ್ಲಿ ತುಕ್ಕು ಕಾಣುತ್ತದಾ ಅಂತಲೂ ನೋಡಿ. ಉಪ್ಪು ಗಾಳಿ ಪೈಪ್‌ಗಳನ್ನು ತಿನ್ನುತ್ತದೆ.

ತರಕಾರಿ ಡಬ್ಬದಲ್ಲಿ ನೀರು ತುಂಬುತ್ತಿದೆ, ಯಾಕೆ?

ಒಳಗಿನ ಹಿಂಬದಿ ಗೋಡೆಯ ಕೆಳಗೆ, ನೀರು ಹಿಂದಿನ ಟ್ರೇಗೆ ಹೋಗಲು ಒಂದು ಸಣ್ಣ ತೂತು ಇರುತ್ತದೆ. ಅದು ಕೊತ್ತಂಬರಿ ಕಡ್ಡಿಯಿಂದಲೋ ಕರಿಬೇವಿನ ಎಲೆಯಿಂದಲೋ ಮುಚ್ಚಿಹೋಗಿದೆ. ಬಿಸಿನೀರು ಸ್ವಲ್ಪ ಸ್ವಲ್ಪ ಹಾಕಿ. ಹೋಗದಿದ್ದರೆ ಮೆತ್ತನೆಯ ಪ್ಲಾಸ್ಟಿಕ್ ಕೊಳವೆ ತೂರಿಸಿ, ತಂತಿ ಬೇಡ. ಫ್ರಾಸ್ಟ್ ಫ್ರೀಯಲ್ಲಿ ಈ ದಾರಿ ಒಳಗೇ ಹೆಪ್ಪುಗಟ್ಟಿರಬಹುದು. ಒಂದು ದಿನ ಆಫ್ ಮಾಡಿ ಬಾಗಿಲು ತೆರೆದಿಟ್ಟು ನೋಡಿ. ಮತ್ತೆ ಮತ್ತೆ ಆದರೆ ಹೀಟರ್ ಕೆಟ್ಟಿರಬಹುದು.

ವಾಸನೆ ಹೋಗುತ್ತಲೇ ಇಲ್ಲ.

ಮೊದಲು ದೋಸೆ ಹಿಟ್ಟಿನ ಪಾತ್ರೆ ನೋಡಿ. ಹಿಟ್ಟು ಫ್ರಿಜ್‌ನಲ್ಲೂ ನಿಧಾನಕ್ಕೆ ಹುಳಿಯುತ್ತಲೇ ಇರುತ್ತದೆ. ಉಕ್ಕಿ ತಟ್ಟೆಯ ಸಂದಿಗೆ ಇಳಿದಿದ್ದರೆ ಏನಿಟ್ಟರೂ ವಾಸನೆ ಹೋಗದು. ಗಾಜಿನ ತಟ್ಟೆಯನ್ನು ಅದರ ಪ್ಲಾಸ್ಟಿಕ್ ಅಂಚಿನಿಂದ ಬಿಡಿಸಿ ತೊಳೆಯಿರಿ. ಒಳಗೆ ಅಡುಗೆ ಸೋಡಾ ಬೆರೆಸಿದ ನೀರಿನಲ್ಲಿ ಒರೆಸಿ. ಘಾಟು ವಾಸನೆಯ ಫಿನಾಯಿಲ್ ತರಬೇಡಿ, ಅದೇ ವಾಸನೆ ಬೆಣ್ಣೆಗೂ ಹತ್ತುತ್ತದೆ.

ಕರೆಂಟ್ ಪದೇ ಪದೇ ಹೋಗಿ ಬರುತ್ತದೆ. ಸ್ಟೆಬಿಲೈಜರ್ ಬೇಕಾ?

ಫ್ರಿಜ್ ಮೇಲೆಯೇ ಎಷ್ಟು ವೋಲ್ಟ್‌ನಿಂದ ಎಷ್ಟರವರೆಗೆ ತಡೆಯುತ್ತದೆ ಅಂತ ಬರೆದಿರುತ್ತದೆ. ನಿಮ್ಮ ಮನೆಯಲ್ಲಿ ಸಂಜೆ ಪಂಪ್‌ಸೆಟ್ ಓಡುವಾಗ ಬಲ್ಬ್ ಮಂಕಾಗುತ್ತಿದ್ದರೆ, ಫ್ರಿಜ್ ಹಳೆಯದಿದ್ದರೆ, ಸ್ಟೆಬಿಲೈಜರ್ ಹಾಕಿ. ಮೂರು ನಾಲ್ಕು ನಿಮಿಷ ತಡೆದು ಕರೆಂಟ್ ಕೊಡುವಂಥದ್ದನ್ನೇ ತೆಗೆದುಕೊಳ್ಳಿ. ನಿಂತ ತಕ್ಷಣ ಮತ್ತೆ ಶುರು ಮಾಡಿದರೆ ಪೈಪಿನೊಳಗೆ ಒತ್ತಡ ಇನ್ನೂ ಇಳಿದಿರುವುದಿಲ್ಲ. ಕಂಪ್ರೆಸರ್ ಎಳೆಯಲಾರದೆ ಟಕ್ ಅಂತ ನಿಲ್ಲುತ್ತದೆ.

ಕರೆಂಟ್ ಹೋದಾಗ ಬಾಗಿಲು ಮುಚ್ಚಿದ್ದರೆ ಒಳಗಿನದು ಸುಮಾರು ನಾಲ್ಕು ಗಂಟೆ ತಡೆಯುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಎರಡು ಮೂರು ದಿನ ಕರೆಂಟ್ ಇಲ್ಲದ್ದು ಹೊಸತಲ್ಲ. ಅಂಥ ದಿನಗಳಲ್ಲಿ ಮೀನು, ಮಾಂಸ, ಹಾಲು ‘ಇನ್ನೂ ಚೆನ್ನಾಗಿದೆ’ ಅಂತ ಮೂಸಿ ನೋಡಿ ಬಳಸಬೇಡಿ. ಕೆಟ್ಟಿದ್ದು ಮೂಗಿಗೆ ಯಾವಾಗಲೂ ಗೊತ್ತಾಗುವುದಿಲ್ಲ.

‘ಗ್ಯಾಸ್ ಖಾಲಿಯಾಗಿದೆ, ತುಂಬಿಸಬೇಕು’ ಅಂತ ಹೇಳುತ್ತಾರೆ. ಗ್ಯಾಸ್ ಖರ್ಚಾಗುತ್ತದಾ?

ಇಲ್ಲ. ಇದು ಸ್ಟವ್ ಸಿಲಿಂಡರ್ ಅಲ್ಲ. ಅದೇ ಗ್ಯಾಸ್ ಒಳಗೇ ಸುತ್ತುತ್ತಿರುತ್ತದೆ, ಫ್ರಿಜ್ ಬದುಕಿರುವವರೆಗೂ ಸಾಕು. ಕಮ್ಮಿಯಾಗಿದೆ ಅಂದರೆ ಎಲ್ಲೋ ಸೋರಿದೆ. ಹಾಗಿದ್ದರೆ ಕೇಳಬೇಕಾದ ಮೊದಲ ಪ್ರಶ್ನೆ: ‘ಎಲ್ಲಿ ಸೋರಿದೆ, ತೋರಿಸಿ.’ ಸೋರಿಕೆ ಮುಚ್ಚದೆ ತುಂಬಿಸಿದರೆ ಮೂರು ತಿಂಗಳಿಗೆ ಮತ್ತೆ ಅದೇ ಕಥೆ.

ಸರಿಯಾದ ಕೆಲಸ ಹೀಗಿರುತ್ತದೆ. ಸೋರಿಕೆ ಮುಚ್ಚುತ್ತಾರೆ. ಗ್ಯಾಸ್ ಪೈಪಿನಲ್ಲಿ ತೇವ, ಕಸ ತಡೆಯುವ ಫಿಲ್ಟರ್ ಬದಲಿಸುತ್ತಾರೆ. ವ್ಯಾಕ್ಯೂಮ್ ಪಂಪ್ ಹಾಕಿ ಒಳಗಿನ ಗಾಳಿ, ತೇವ ತೆಗೆಯುತ್ತಾರೆ. ಆಮೇಲೆ ಚೀಟಿಯಲ್ಲಿ ಬರೆದಿರುವ ಗ್ಯಾಸನ್ನೇ, ಅಷ್ಟೇ ಗ್ರಾಂ, ತೂಕ ಮಾಡಿ ತುಂಬುತ್ತಾರೆ. ತಕ್ಕಡಿ ಇಲ್ಲದೆ ಅಂದಾಜಿನಲ್ಲಿ ತುಂಬುವವರಿಗೆ ಬೇಡ ಅನ್ನಿ. ಆರ್-600ಎ ಫ್ರಿಜ್ ಆದರೆ ಕಿಟಕಿ ತೆರೆಸಿ, ಹತ್ತಿರ ಒಲೆ ಉರಿಯದಂತೆ ನೋಡಿಕೊಳ್ಳಿ. ಒಳಗೆ ಗ್ಯಾಸ್ ಇರುವಾಗಲೇ ಬೆಂಕಿ ಹಚ್ಚಿ ಪೈಪ್ ಬೆಸೆಯಲು ಹೊರಟರೆ ಕೆಲಸ ನಿಲ್ಲಿಸಿ. ಸಂಕೋಚ ಬೇಡ, ಮನೆ ನಿಮ್ಮದು.

ಊರಿಗೆ ಹೋಗುವಾಗ ಆಫ್ ಮಾಡಬೇಕಾ?

ವಾರದೊಳಗಾದರೆ ಬೇಡ, ಕೆಡುವಂಥದ್ದು ಮಾತ್ರ ತೆಗೆಯಿರಿ. ತಿಂಗಳಾದರೆ ಖಾಲಿ ಮಾಡಿ, ಒಣಗಿಸಿ, ಬಾಗಿಲ ಸಂದಿಗೆ ಟವಲ್ ಮಡಚಿಟ್ಟು ಹೊರಡಿ. ಮುಚ್ಚಿಟ್ಟರೆ ಒಳಗೆ ಬೂಷ್ಟು. ಟ್ರೇ ಒಣಗಿಸಿಯೇ ಹೋಗಿ.

ಹಳೆಯ ಫ್ರಿಜ್ ಗುಜರಿಗೆ ಹಾಕಬಹುದಾ?

ಗುಜರಿಯವರು ಪೈಪ್ ಕತ್ತರಿಸಿ ತಾಮ್ರ, ತಗಡು ತೆಗೆದುಕೊಳ್ಳುತ್ತಾರೆ. ಗ್ಯಾಸೆಲ್ಲಾ ಗಾಳಿಗೆ ಹೋಗುತ್ತದೆ, ಗೋಡೆಯೊಳಗಿನ ಫೋಮ್ ಕಸದ ರಾಶಿಗೆ. 2023ರ ಏಪ್ರಿಲ್‌ನಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮದಲ್ಲಿ ಫ್ರಿಜ್ ಕೂಡ ಸೇರಿದೆ. ಮರುಬಳಕೆಯ ಹೊಣೆ ತಯಾರಕರ ಮೇಲಿದೆ. ಹೊಸದು ಕೊಳ್ಳುವಾಗ ಎಕ್ಸ್‌ಚೇಂಜ್ ಕೊಡಿ, ಇಲ್ಲವೇ ನೋಂದಣಿ ಇರುವ ಇ-ತ್ಯಾಜ್ಯ ಕೇಂದ್ರಕ್ಕೆ ಒಪ್ಪಿಸಿ.

ಅವರು ಬರುವವರೆಗೆ ಫ್ರಿಜ್ ವರಾಂಡದಲ್ಲೋ ತಾರಸಿಯಲ್ಲೋ ಇರುತ್ತದೆ ಅಂದರೆ, ಅವತ್ತೇ ಸ್ಕ್ರೂ ಬಿಚ್ಚಿ ಬಾಗಿಲು ತೆಗೆದುಬಿಡಿ. ಮಕ್ಕಳು ಕಣ್ಣಾಮುಚ್ಚಾಲೆ ಆಡುತ್ತಾ ಒಳಗೆ ಸೇರಿಕೊಂಡರೆ ಕೂಗಿದರೂ ಹೊರಗೆ ಕೇಳುವುದಿಲ್ಲ. ಒಳಗಿನಿಂದ ತೆರೆಯಲಾಗದ ಚಿಲಕದ ಹಳೆಯ ಫ್ರಿಜ್‌ಗಳಲ್ಲಿ ಮಕ್ಕಳು ಸತ್ತಿದ್ದಕ್ಕೇ, ಬಾಗಿಲು ಒಳಗಿನಿಂದಲೂ ತೆರೆಯುವಂತಿರಬೇಕು ಅಂತ ಅಮೆರಿಕ 1956ರಲ್ಲಿ ಕಾನೂನು ಮಾಡಿತು. ಬಾಗಿಲು ಕಳಚಲು ಆಗದಿದ್ದರೆ ಅದನ್ನು ಗೋಡೆಯ ಕಡೆ ತಿರುಗಿಸಿ, ಗೋಡೆಗೆ ಒತ್ತಿ ನಿಲ್ಲಿಸಿ, ಹಗ್ಗ ಬಿಗಿಯಿರಿ.